ಮುಖ ಬಿಡಿ, ಬೆನ್ನು ಬಿಡಬೇಡಿ

(ಬಾದಾಮಿಯಲ್ಲಿ ಮೂರು ದಿನ ನಡೆದ ಬಯಲು ಚಿತ್ರ ಶಿಬಿರದ ಕೊನೆಯ ಸಂಜೆ ಆಡಿದ ಮಾತುಗಳಿವು. ಅಲ್ಲಿ ಚಿತ್ರ ಬಿಡಿಸುತ್ತಾ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಬೇಕಾಯಿತು. ಉಳಿದಂತೆ ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಮೂರು ದಿನದಿಂದ ಬಿಸಿಲಲ್ಲಿ ಕೂತು ಕೆಲಸ ಮಾಡಿದ್ದೀರಿ. ಗೋಡೆಗೆ ಒರಗಿಸಿಟ್ಟಿರುವ ನಿಮ್ಮ ಚಿತ್ರಗಳನ್ನು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದೊಂದಾಗಿ ನೋಡಿದೆ. ಬಂಡೆ ಚೆನ್ನಾಗಿ ಬಂದಿದೆ. ಅಗಸ್ತ್ಯ ತೀರ್ಥದ ನೀರು ಚೆನ್ನಾಗಿ ಬಂದಿದೆ. ಚೊಳಚಗುಡ್ಡದ ದಾರಿಯ ಹೊಲಗಳೂ ಬಂದಿವೆ. ಆದರೆ ಮನುಷ್ಯ ಬಂದ ಕಡೆ ಎಲ್ಲಾ ಕೈ ತಡವರಿಸಿದೆ. ಕೆಲವರು ಮನುಷ್ಯರನ್ನೇ ಬಿಟ್ಟುಬಿಟ್ಟಿದ್ದೀರಿ, ಸುಗ್ಗಿ ಕಾಲದ ಹೊಲದಲ್ಲಿ ಒಂದು ಜೀವ ಇಲ್ಲ. ಇನ್ನು ಕೆಲವರು ಬೆರಳುದ್ದದ ಹೆಂಗಸಿಗೆ ಕಣ್ಣು, ಮೂಗು, ಬಳೆ, ಕುಂಕುಮ ಎಲ್ಲಾ ಬರೆದಿದ್ದೀರಿ. ಆಕೆ ಹೊಲದಿಂದ ಕಿತ್ತು ಬಂದು ಮುಂದೆ ನಿಂತ ಹಾಗಿದೆ.

ಇದು ನಿಮ್ಮೊಬ್ಬರ ತೊಡಕಲ್ಲ. ನನಗೂ ಇದು ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಮೊದಲು ಹೇಳಿಕೊಟ್ಟವಳು ನಮ್ಮವ್ವ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮೂರು ಹುನಗುಂದದ ಕಡೆ. ಎರೆ ಹೊಲ, ಹಿಂಗಾರಿ ಜೋಳ. ಚಿತ್ರಕಲೆ ಓದು ಮುಗಿಸಿ ಊರಿಗೆ ಬಂದಾಗ ನನಗೆ ಇಪ್ಪತ್ತೆರಡು. ಬಂದವನೇ ದೊಡ್ಡ ಕ್ಯಾನ್ವಾಸ್ ಹಾಕಿಕೊಂಡು ಜೋಳದ ಸುಗ್ಗಿಯ ಚಿತ್ರ ಶುರು ಮಾಡಿದೆ. ಟ್ಯೂಬಿನಿಂದ ತೆಗೆದ ಹಸಿರು ಹಾಗೇ ಬಳಿದೆ. ಹೆಂಗಸರಿಗೆ ಗುಲಾಬಿ, ನೇರಳೆ ಸೀರೆ. ಆರು ಜನರನ್ನು ಬರೆದೆ, ಆರೂ ಜನರ ಮುಖ ನೋಡಿದರೆ ಗುರುತು ಹಿಡಿಯಬಹುದು, ಅಷ್ಟು ವಿವರ. ಹದಿನೈದು ದಿನ ಹಿಡಿಯಿತು. ಅವ್ವ ರೊಟ್ಟಿ ಬಡಿದು ಎದ್ದು ಬಂದವಳು ಕೈ ಒರೆಸಿಕೊಳ್ಳುತ್ತಾ ಚಿತ್ರದ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು.

“ಬಣ್ಣ ಚಂದ ಅದಾವ. ಆದ್ರ ಇವ್ರು ಹೊಲಕ್ಕ ಯಾಕ ಬಂದಾರ?” ಅಂದಳು.

“ಜ್ವಾಳ ಕೀಳಾಕ ಬಂದಾರಬೇ,” ಅಂದೆ.

“ಜ್ವಾಳ ಕೀಳೋರು ಹಿಂಗ ನಿಂದರ್ತಾರೇನು? ಇವ್ರಿಗೆ ಬೆನ್ನ ಎಲ್ಲೈತಿ?”

ಬೆನ್ನು ಬರೆದಿದ್ದೆ. ಸೀರೆಯ ನೆರಿಗೆ, ಕುಪ್ಪಸದ ಅಂಚು ಎಲ್ಲಾ ಇತ್ತು. ಅವಳು ಕೇಳಿದ್ದು ಅದನ್ನಲ್ಲ. ನನಗೆ ತಿಳಿಯಲಿಲ್ಲ ಅಂತ ಅವಳಿಗೆ ಗೊತ್ತಾಯಿತು. ಅಂಗಳಕ್ಕೆ ಇಳಿದು ಸೆರಗು ಸಿಕ್ಕಿಸಿ ಮಾಡಿ ತೋರಿಸಿದಳು.

ನಿಮ್ಮಲ್ಲಿ ಜೋಳ ಕಿತ್ತವರು ಯಾರಾದರೂ ಇದ್ದೀರಾ? ನಾಲ್ಕು ಕೈ ಎದ್ದಿವೆ. ಸರಿ, ಹಾಗಾದರೆ ನಿಮ್ಮ ಮೈಗೆ ಇದು ಗೊತ್ತು. ನಮ್ಮ ಕಡೆ ಹಿಂಗಾರಿ ಜೋಳವನ್ನು ಕುಡುಗೋಲಿನಿಂದ ಕೊಯ್ಯುವುದಕ್ಕಿಂತ ಬೇರು ಸಮೇತ ಕೀಳುವುದೇ ಜಾಸ್ತಿ. ಎರೆ ನೆಲ ಒಣಗಿ ಬಿರಿದಿರುತ್ತೆ, ಬೇರು ಗಟ್ಟಿಯಾಗಿ ಹಿಡಿದಿರುತ್ತೆ. ಅವ್ವ ಎಡಗಾಲು ಒಂದು ಗೇಣು ಮುಂದಿಟ್ಟಳು. ಸೊಂಟ ಇಳಿಸಿದಳು. ಎರಡೂ ಕೈ ಮೊಣಕಾಲಿನ ಮಟ್ಟಕ್ಕೆ ತಂದು ದಂಟು ಹಿಡಿದ ಹಾಗೆ ಮಾಡಿದಳು. ಆಮೇಲೆ ಹಿಂದಕ್ಕೆ ವಾಲಿದಳು. ಕೈ ಎಳೆಯಲೇ ಇಲ್ಲ, ಕೈ ಬರೀ ಹಗ್ಗದ ಹಾಗೆ ನೆಟ್ಟಗಿತ್ತು. ಎಳೆದದ್ದು ಬೆನ್ನು. ಹಿಮ್ಮಡಿಯಿಂದ ಹೊರಟ ಬಲ ಸೊಂಟಕ್ಕೆ ಬಂದು, ಬೆನ್ನು ಹತ್ತಿ, ಹೆಗಲಿನಿಂದ ಕೈಗೆ ಇಳಿಯಿತು. ಬಿಲ್ಲು ಬಗ್ಗಿದ ಹಾಗೆ ಒಂದೇ ಗೆರೆ. ತಲೆ ಎಲ್ಲಿತ್ತು ಅಂತ ನನಗೆ ನೆನಪೇ ಇಲ್ಲ.

ಈಗ ಈ ಬೋರ್ಡಿನ ಮೇಲೆ ಇದ್ದಿಲಿನಿಂದ ಅದನ್ನೇ ಬರೆಯುತ್ತೇನೆ, ನೋಡಿ. ಮೊದಲು ಆ ಬಿಲ್ಲು. ಹಿಮ್ಮಡಿಯಿಂದ ಕುತ್ತಿಗೆವರೆಗೆ. ಆಮೇಲೆ ಕೈಯ ಗೆರೆ, ಹೆಗಲಿನಿಂದ ದಂಟಿನ ಬುಡಕ್ಕೆ, ನೆಟ್ಟಗೆ. ಮೂರನೆಯದು ಮುಂದಿಟ್ಟ ಕಾಲು. ಇಷ್ಟೇ. ತಲೆ ಒಂದು ಚುಕ್ಕೆ. ಈಗ ಆ ಕೊನೆಯಲ್ಲಿ ಕೂತವರು ಹೇಳಿ, ಈಕೆ ಏನು ಮಾಡ್ತಿದ್ದಾಳೆ? ಏನೋ ಕೀಳ್ತಿದ್ದಾಳೆ, ಅಲ್ವಾ. ಕಣ್ಣಿಲ್ಲ, ಮೂಗಿಲ್ಲ, ಸೀರೆಯೂ ಇಲ್ಲ. ಆದರೂ ಗೊತ್ತಾಯಿತು.

ಆಕೃತಿಯನ್ನು ಸರಳ ಮಾಡುವುದು ಅಂದ ಕೂಡಲೇ ನಾವು ಏನೇನು ಬಿಡಬಹುದು ಅಂತ ಯೋಚಿಸುತ್ತೇವೆ. ಬೆರಳು ಬಿಡೋಣ, ಮುಖ ಬಿಡೋಣ, ನೆರಿಗೆ ಬಿಡೋಣ. ಹಾಗೆ ಬಿಡುತ್ತಾ ಹೋದರೆ ಕೊನೆಗೆ ಗೂಟ ಉಳಿಯುತ್ತೆ, ಅದಕ್ಕೆ ಸೀರೆ ಸುತ್ತಿದ ಹಾಗೆ ಕಾಣುತ್ತೆ. ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಭಾರ ಎಲ್ಲಿದೆ? ತಲೆಯ ಮೇಲಿನ ಬುತ್ತಿ ಬುಟ್ಟಿಯಲ್ಲಿದೆಯಾ, ಹೆಗಲ ಮೇಲಿನ ಮೇವಿನ ಹೊರೆಯಲ್ಲಿದೆಯಾ, ಬಗಲಲ್ಲಿರುವ ಕೂಸಿನಲ್ಲಿದೆಯಾ? ಆ ಭಾರ ಮೈಯಲ್ಲಿ ಹರಿದು ಯಾವ ಕಾಲಿಗೆ ಇಳಿಯುತ್ತೆ? ಆ ದಾರಿಯನ್ನು ಬರೆದರೆ ಸಾಕು. ಉಳಿದದ್ದು ಸುಮ್ನೆ ಬಿಟ್ಟು ಹೋಗುತ್ತೆ, ನೀವು ಬಿಡಬೇಕಾಗಿಯೇ ಇಲ್ಲ.

ಕುರಿ ಕಾಯುವವರನ್ನು ನೋಡಿ. ಕೋಲಿಗೆ ಗದ್ದ ಊರಿ, ಒಂದು ಕಾಲು ಇನ್ನೊಂದಕ್ಕೆ ಒತ್ತಿ ನಿಂತಿರುತ್ತಾರೆ. ಭಾರ ಅರ್ಧ ಕೋಲಿನಲ್ಲಿ, ಅರ್ಧ ಒಂದೇ ಕಾಲಿನಲ್ಲಿ. ಕಂಬಳಿ ಅಂತೂ ಮೈಯನ್ನೆಲ್ಲಾ ಮುಚ್ಚಿ ಒಂದು ತ್ರಿಕೋನ ಮಾಡಿಬಿಟ್ಟಿರುತ್ತೆ. ಅಲ್ಲಿ ನಮ್ಮ ಕೆಲಸವನ್ನು ಕಂಬಳಿಯೇ ಮಾಡಿಕೊಟ್ಟಿದೆ.

ಈ ವಿದ್ಯೆ ನಮ್ಮ ಊರುಗಳಿಗೆ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆ ನೆನಪು ಮಾಡಿಕೊಳ್ಳಿ. ಜೂನ್ ಹೊತ್ತಿಗೆ, ಮೊದಲ ಮಳೆ ಬಿದ್ದು ಮಣ್ಣು ಹಸಿ ಆದಾಗ. ನಮ್ಮ ಮನೆಯಲ್ಲಿ ಅವ್ವನೇ ಎತ್ತು ಮಾಡುತ್ತಿದ್ದಳು. ಹದ ಮಾಡಿದ ಮಣ್ಣಿನ ಉಂಡೆ ಅಂಗೈಯಲ್ಲಿ ಹಿಡಿದು ಮೊದಲು ಉದ್ದಕ್ಕೆ ತೀಡುವಳು, ಅದು ಹೊಟ್ಟೆ. ಕೆಳಗೆ ನಾಲ್ಕು ಕಡೆ ಚಿವುಟಿ ಎಳೆದರೆ ಕಾಲು, ಮೋಟು ಮೋಟು. ಆಮೇಲೆ ಹೆಬ್ಬೆರಳು, ತೋರುಬೆರಳು ಸೇರಿಸಿ ಬೆನ್ನಿನ ಮುಂಭಾಗದಲ್ಲಿ ಒಂದೇ ಸಲ ಮೇಲಕ್ಕೆ ಒತ್ತುವಳು. ಹಿಣಿಲು ಎದ್ದು ನಿಲ್ಲುತ್ತಿತ್ತು. ಆ ಒಂದು ಒತ್ತಿನಲ್ಲಿ ಮಣ್ಣು ಎತ್ತಾಗುತ್ತಿತ್ತು. ಕೊನೆಗೆ ಎರಡು ಕೊಂಬು, ಒಂದು ಬಾಲ. ಮೂತಿಗೆ ಅವಳು ಅಷ್ಟು ಲಕ್ಷ್ಯ ಕೊಡುತ್ತಲೇ ಇರಲಿಲ್ಲ. ಯಾಕೆ ಹೇಳಿ? ನೊಗ ಕೂರುವುದು ಹಿಣಿಲಿನ ಮುಂದೆ. ಎತ್ತಿನ ದುಡಿಮೆ ಎಲ್ಲಾ ಇರುವುದು ಆ ಜಾಗದಲ್ಲಿ. ದುಡಿಮೆ ಇರುವ ಕಡೆ ಕೈ ನಿಂತಿತು, ಉಳಿದ ಕಡೆ ಓಡಿತು.

ಇನ್ನೊಂದು ಮಾತು. ಆ ಎತ್ತನ್ನು ಮಾಡಿದ ಮಣ್ಣು ಆ ಎತ್ತು ಉಳುವ ಹೊಲದ್ದೇ. ಇದನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಬಣ್ಣದ ಮಾತು ಬಂದಾಗ ಮತ್ತೆ ಇಲ್ಲಿಗೇ ಬರುತ್ತೇನೆ.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರು ಅನ್ನುತ್ತೇವೆ. ಚರಗ ಚೆಲ್ಲಿ ಅವರಿಗೆ ಎಡೆ ಇಡುತ್ತೇವೆ. ಬರೀ ಕಲ್ಲು, ಬರೀ ಸುಣ್ಣ. ಆದರೂ ಅವು ಐದು ಜನ ಕೂತ ಹಾಗೇ ಕಾಣುತ್ತವೆ. ಕಪ್ಪು ನೆಲದ ಮೇಲೆ ಐದು ಬಿಳಿ ಮಚ್ಚೆ ಸರಿಯಾದ ಅಂತರದಲ್ಲಿ ಇದ್ದರೆ ಕಣ್ಣು ತಾನೇ ಅವನ್ನು ಮನುಷ್ಯರು ಅಂತ ಓದಿಕೊಳ್ಳುತ್ತೆ. ದೂರದ ಆಕೃತಿಗಳನ್ನು ಬರೆಯುವಾಗ ನನಗೆ ಯಾವಾಗಲೂ ಈ ಕಲ್ಲುಗಳು ನೆನಪಾಗುತ್ತವೆ. ಗುಂಪು ಬರೆಯುವಾಗ ಜನರನ್ನು ಲೆಕ್ಕ ಮಾಡಬೇಡಿ, ಅವರ ನಡುವಿನ ಖಾಲಿ ಜಾಗ ನೋಡಿ. ಇಬ್ಬರು ಹತ್ತಿರ, ಒಬ್ಬಳು ಸ್ವಲ್ಪ ದೂರ. ಅಷ್ಟರಲ್ಲೇ ಅವರ ಮಾತುಕತೆ ಕೇಳಿಸಿಬಿಡುತ್ತೆ.

ನಿನ್ನೆ ನಿಮ್ಮಲ್ಲಿ ಕೆಲವರು ಸಿಡಿಲಫಡಿಗೆ ನಡೆದು ಹೋಗಿ ಬಂದಿರಿ. ಬಂಡೆಯ ಮೇಲೆ ಇತಿಹಾಸಕ್ಕೂ ಮೊದಲಿನ ಜನ ಕೆಂಪು ಮಣ್ಣಿನಿಂದ ಬರೆದ ಮನುಷ್ಯರು, ಪ್ರಾಣಿಗಳು ಅಲ್ಲಿವೆ. ಮಾಸಿವೆ, ಆದರೂ ಇವೆ. ಕೆಂಪು ಬಂಡೆಯ ಮೇಲೆ ಕೆಂಪು ಕಲ್ಲನ್ನೇ ತೇಯ್ದು ಬರೆದ ಮನುಷ್ಯ. ಅದರ ಮುಂದೆ ಎಷ್ಟು ಹೊತ್ತು ಕೂತರೂ ನನಗೆ ಸಾಕಾಗುವುದಿಲ್ಲ.

ಇಲ್ಲೇ ಗುಡ್ಡದ ಮೇಲಿನ ಮೂರನೇ ಗುಹೆ 578ರದ್ದು. ಚಾಲುಕ್ಯ ಮನೆತನದ ಮಂಗಳೇಶನ ಶಾಸನ ಅಲ್ಲೇ ಇದೆ. ಎಲ್ಲರೂ ವಿಷ್ಣುವಿನ ದೊಡ್ಡ ಮೂರ್ತಿಗಳನ್ನು ನೋಡಿ ಇಳಿದು ಬರುತ್ತಾರೆ. ತಲೆ ಎತ್ತಿ ಮುಂಚಾಚಿನ ಒಳಮೈ ನೋಡಿದರೆ ಅಲ್ಲಿ ಹಳೆಯ ವರ್ಣಚಿತ್ರದ ಉಳಿಕೆ ಇದೆ. ಬಹಳಷ್ಟು ಉದುರಿಹೋಗಿದೆ. ಉಳಿದಿರುವ ಕಡೆ ನೋಡಿ, ಮೈ ಬಣ್ಣ ಕಂದು, ಹಿಂದಿನ ನೆಲವೂ ಅದೇ ಮನೆತನದ ಬಣ್ಣ. ಸಾವಿರದ ನಾನೂರು ವರ್ಷ ದಾಟಿದರೂ ಅಷ್ಟಾದರೂ ನಿಂತಿದೆ ಅಂದರೆ ಅದರಲ್ಲಿ ಮಣ್ಣಿನ ಬಣ್ಣದ ಪಾಲೂ ಇದೆ. ಗಿಡಮೂಲಿಕೆಯ ಬಣ್ಣಗಳು ಬಿಸಿಲಿಗೆ ಹಾರಿಹೋಗುತ್ತವೆ. ಕಬ್ಬಿಣದ ಅಂಶ ಇರುವ ಮಣ್ಣು ಹಾರುವುದಿಲ್ಲ.

ಈಗ ಬಣ್ಣಕ್ಕೆ ಬರೋಣ. ನನಗೆ ಜಾಸ್ತಿ ಇಷ್ಟದ ಭಾಗ ಇದು, ಸ್ವಲ್ಪ ಉದ್ದ ಆದರೆ ತಡೆದುಕೊಳ್ಳಿ.

ಹಳದಿ ಮಣ್ಣು, ಅಂದರೆ ನಾವು ಟ್ಯೂಬಿನಲ್ಲಿ ಯೆಲ್ಲೋ ಓಕರ್ ಅಂತ ಕೊಳ್ಳುವುದು, ಅದು ನೀರಿನಂಶ ಸೇರಿಕೊಂಡ ಕಬ್ಬಿಣದ ತುಕ್ಕು. ಅದನ್ನು ಸುಟ್ಟರೆ ನೀರಿನಂಶ ಹೋಗಿ ಕೆಂಪಾಗುತ್ತೆ. ಸುಮಾರು 250ರಿಂದ 300 ಡಿಗ್ರಿ ಶಾಖ ಸಾಕು. ಮನೆಯಲ್ಲೇ ಮಾಡಬಹುದು. ಹಳೆಯ ಹಂಚಿನ ಮೇಲೆ ಒಂದು ಚಮಚ ಹಳದಿ ಮಣ್ಣಿನ ಪುಡಿ ಹಾಕಿ ಒಲೆಯ ಮೇಲಿಡಿ. ಕಣ್ಣೆದುರಿಗೇ ಅಂಚಿನಿಂದ ಕಿತ್ತಳೆ, ಆಮೇಲೆ ಇಟ್ಟಿಗೆ ಬಣ್ಣ, ಆಮೇಲೆ ಕಾವಿ. ಬೇಕಾದ ಹಂತದಲ್ಲಿ ಇಳಿಸಿಕೊಂಡರೆ ಒಂದೇ ಮಣ್ಣಿನಿಂದ ನಾಲ್ಕು ಬಣ್ಣ. ನಾಲ್ಕೂ ಅಕ್ಕತಂಗಿಯರು, ಪಕ್ಕಪಕ್ಕ ಇಟ್ಟರೆ ಜಗಳ ಆಡುವುದಿಲ್ಲ. ಹಸಿ ಇಟ್ಟಿಗೆ ಭಟ್ಟಿಯಿಂದ ಕೆಂಪಗೆ ಬರುವುದಕ್ಕೂ ಇದೇ ಕಾರಣ. ಟ್ಯೂಬಿನ ಮೇಲೆ ಬರ್ನ್ಟ್ ಸಿಯೆನ್ನಾ ಅಂತ ಓದುತ್ತೀರಲ್ಲ, ಇಟಲಿಯ ಸಿಯೆನಾ ಊರಿನ ಕಡೆಯ ಮಣ್ಣು ಸುಟ್ಟಿದ್ದು ಅಂತ ಅದರ ಅರ್ಥ. ಅಂಬರ್ ಅನ್ನುವುದರಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸ್ ಇರುತ್ತೆ, ಅದಕ್ಕೇ ಅದು ಕಪ್ಪು ಕಂದು.

ನಮ್ಮ ಮಣ್ಣಿನಿಂದಲೂ ಬಣ್ಣ ಮಾಡಬಹುದು. ಇಲ್ಲಿನ ಕೆಮ್ಮಣ್ಣು ತನ್ನಿ, ಕುಟ್ಟಿ, ನೀರಿಗೆ ಹಾಕಿ ಕಲಕಿ. ಒಂದೆರಡು ನಿಮಿಷ ಬಿಟ್ಟರೆ ಮರಳು ತಳಕ್ಕೆ ಕೂರುತ್ತೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿಯಿರಿ. ಹೀಗೆ ಮೂರು ನಾಲ್ಕು ಸಲ. ಕೊನೆಗೆ ಬಸಿದ ನೀರನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಬೆಣ್ಣೆಯಂಥ ಗಸಿ ಸಿಗುತ್ತೆ. ಅದನ್ನು ಒಣಗಿಸಿ ಪುಡಿ ಮಾಡಿ. ಅಂಟಿಗೆ ಬಹಳ ದೂರ ಹೋಗಬೇಕಿಲ್ಲ, ಹೊಲದ ಬದುವಿನ ಕರಿಜಾಲಿ ಗಿಡದಲ್ಲೇ ಇದೆ. ರಾತ್ರಿ ನೆನೆಸಿ ಬಟ್ಟೆಯಲ್ಲಿ ಸೋಸಿ, ಎರಡು ಹನಿ ಜೇನುತುಪ್ಪ ಸೇರಿಸಿ, ಆ ಮಣ್ಣಿನ ಪುಡಿಯ ಜೊತೆ ಗಾಜಿನ ಮೇಲೆ ಚೆನ್ನಾಗಿ ಅರೆಯಿರಿ. ಅಂಟು ಕಮ್ಮಿ ಆದರೆ ಒಣಗಿದ ಮೇಲೆ ಬೆರಳಿಗೆ ಹತ್ತುತ್ತೆ, ಜಾಸ್ತಿ ಆದರೆ ಬಿರುಕು ಬಿಡುತ್ತೆ. ಒಂದು ಕಾಗದದ ತುಂಡಿನ ಮೇಲೆ ಹಚ್ಚಿ, ಒಣಗಿಸಿ, ಉಜ್ಜಿ ನೋಡಿ ಸರಿ ಮಾಡಿಕೊಳ್ಳಬೇಕು. ಎರೆಮಣ್ಣು ಮಾತ್ರ ಈ ಕೆಲಸಕ್ಕೆ ಆಗಿಬರುವುದಿಲ್ಲ. ಅದು ನೀರು ಕುಡಿದು ಉಬ್ಬುವ, ಒಣಗಿದರೆ ಕುಗ್ಗುವ ಜಾತಿ. ಕಾಗದದ ಮೇಲೂ ಬೇಸಿಗೆಯ ಹೊಲದ ಹಾಗೇ ಬಿರಿಯುತ್ತೆ.

ಬಂಗಾಳದ ಚಿತ್ರಕಾರ ಜಾಮಿನಿ ರಾಯ್ ಅವರು ಪೇಟೆಯ ಎಣ್ಣೆ ಬಣ್ಣ ಬಿಟ್ಟು ಮಣ್ಣು, ಸುಣ್ಣದ ಪುಡಿ, ದೀಪದ ಮಸಿ ಇಂಥವನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಚಿತ್ರ ಬರೆದರು. ಅವರ ಆಕೃತಿಗಳು ಎಷ್ಟು ಸರಳ ಅಂತ ನಿಮಗೆ ಗೊತ್ತೇ ಇದೆ. ಸಾಮಗ್ರಿ ಸರಳವಾದರೆ ಗೆರೆಯೂ ಸರಳವಾಗುತ್ತೆ ಅಂತ ನನ್ನ ನಂಬಿಕೆ.

ಟ್ಯೂಬಿನಲ್ಲೇ ಮಾಡುವವರಿಗೆ: ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ ಅಥವಾ ಇಂಡಿಯನ್ ರೆಡ್, ಬರ್ನ್ಟ್ ಅಂಬರ್, ಐವರಿ ಬ್ಲ್ಯಾಕ್, ಬಿಳಿ. ಒಂದು ವರ್ಷ ಇಷ್ಟರಲ್ಲೇ ಬರೆಯಿರಿ. ಸ್ವೀಡನ್ನಿನ ಆಂಡರ್ಸ್ ಜೋರ್ನ್ ಅನ್ನುವ ಚಿತ್ರಕಾರ ಎಷ್ಟೋ ಚಿತ್ರಗಳನ್ನು ಓಕರ್, ಒಂದು ಕೆಂಪು, ಕಪ್ಪು, ಬಿಳಿ ಇಷ್ಟರಲ್ಲೇ ಮಾಡಿದ್ದಾನೆ. ನೀಲಿ ಎಲ್ಲಿ ಅಂತ ಕೇಳುತ್ತೀರಿ. ಐವರಿ ಬ್ಲ್ಯಾಕಿಗೆ ಬಿಳಿ ಸೇರಿಸಿ ಓಕರ್ ಪಕ್ಕ ಹಚ್ಚಿ ನೋಡಿ. ಅದು ನೀಲಿಯಾಗಿ ಕಾಣುತ್ತೆ. ಫೆಬ್ರುವರಿಯ ನಮ್ಮ ಆಕಾಶ ಅಷ್ಟೇ ನೀಲಿ, ಧೂಳು ತುಂಬಿದ ನೀಲಿ. ಹಸಿರು ಬೇಕಾ? ಓಕರ್‌ಗೆ ಕಪ್ಪು ಸೇರಿಸಿ. ಬೇವು, ಬನ್ನಿ, ಜಾಲಿ ಮೂರಕ್ಕೂ ಸಾಕಾಗುವ ಹಸಿರು ಬರುತ್ತೆ. ಮಳೆಗಾಲದ ಹೆಸರು ಹೊಲ ಬರೆಯುವಾಗ ಬೇರೆ ಹಸಿರು ತಂದುಕೊಂಡರಾಯಿತು.

ಎರೆ ಹೊಲ ಕಪ್ಪು ಅಂತ ಕಪ್ಪು ಬಳಿಯಬೇಡಿ. ಒಣಗಿದ ಎರೆ ಬೂದು. ಬಿಸಿಲು ಬಿದ್ದ ಕಡೆ ಅಂಬರ್, ಕಪ್ಪು, ಬಿಳಿ ಸೇರಿದ ಬೂದು, ಬಿರುಕಿನ ಒಳಗೆ ಮಾತ್ರ ಗಾಢ. ನೀರು ಕುಡಿದ ಎರೆ ಬೇರೆ, ಅದು ಹೊಸ ಕಂಬಳಿಯಂಥ ಕಪ್ಪು. ಮಸಾರಿ, ಅಂದರೆ ಕೆಂಪು ನೆಲಕ್ಕೆ ಸಿಯೆನ್ನಾ. ಜೋಳದ ಕಣಕಿಗೆ ಓಕರ್, ಬಿಳಿ. ಬಾದಾಮಿ ಬಂಡೆ ಬೆಳಿಗ್ಗೆ ಓಕರ್ ಕಡೆಗೆ ವಾಲುತ್ತೆ, ಸಂಜೆ ಇಂಡಿಯನ್ ರೆಡ್ ಕಡೆಗೆ.

ಈಗ ಮಣ್ಣೆತ್ತಿನ ಮಾತಿಗೆ ಬಂದೆ. ಹೊಲಕ್ಕೆ ಹಚ್ಚಿದ ಬಣ್ಣದಲ್ಲೇ ಮನುಷ್ಯನನ್ನು ಬರೆಯಿರಿ. ತಟ್ಟೆಯ ಮೇಲೆ ಮೈ ಬಣ್ಣಕ್ಕೆ ಅಂತ ಬೇರೆ ಗುಡ್ಡೆ ಇಟ್ಟುಕೊಳ್ಳಬೇಡಿ. ನೆಲದ ಗುಡ್ಡೆಯಿಂದಲೇ ತೆಗೆದು, ಸ್ವಲ್ಪ ಅಂಬರ್ ಸೇರಿಸಿದರೆ ತೋಳು, ಕುತ್ತಿಗೆ ಬಂದುಬಿಡುತ್ತೆ. ಧೋತರಕ್ಕೆ ಅಚ್ಚ ಬಿಳಿ ಬೇಡ, ಓಕರ್ ಮುಟ್ಟಿಸಿದ ಬಿಳಿ. ಮಣ್ಣಲ್ಲಿ ದುಡಿದ ಧೋತರ ಯಾವತ್ತೂ ಅಚ್ಚ ಬಿಳಿ ಇರುವುದಿಲ್ಲ. ಹಾಗಂದರೆ ಇಳಕಲ್ ಸೀರೆಯ ಕೆಂಪು ಸೆರಗಿಗೆ ಏನು ಮಾಡೋದು ಅಂತ ಮೊನ್ನೆ ಒಬ್ಬರು ಕೇಳಿದರು. ಇಂಡಿಯನ್ ರೆಡ್ ಸಾಕು. ಸುತ್ತ ಬೂದು ಎರೆ ಇರುವಾಗ ಅದು ಟ್ಯೂಬಿನ ಕ್ರಿಮ್ಸನ್ನಿಗಿಂತ ಚೆನ್ನಾಗಿ ಉರಿಯುತ್ತೆ. ನನ್ನ ಆ ಹಳೆಯ ಚಿತ್ರದಲ್ಲಿ ಆರು ಸೀರೆ ಆರು ಬಣ್ಣ ಕೂಗುತ್ತಿದ್ದವು, ಅದಕ್ಕೇ ಒಂದೂ ಕೇಳಿಸುತ್ತಿರಲಿಲ್ಲ. ಒಂದು ಚಿತ್ರಕ್ಕೆ ಒಂದು ಸೆರಗು. ಅದನ್ನು ಎಲ್ಲಿಡುತ್ತೀರೋ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತೆ.

ಅಮೃತಾ ಶೇರ್‌ಗಿಲ್ ಅವರ ಚಿತ್ರಗಳ ಅಚ್ಚು ಪ್ರತಿ ಇಲ್ಲಿ ತಂದಿದ್ದೇನೆ. ಪ್ಯಾರಿಸ್ಸಿನಲ್ಲಿ ಕಲಿತು ಬಂದವರು. ಅಜಂತಾ ನೋಡಿದರು, ದಕ್ಷಿಣದ ಊರುಗಳನ್ನು ಸುತ್ತಿದರು. 1937ರಲ್ಲಿ ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರನ್ನು, ಬ್ರಹ್ಮಚಾರಿಗಳನ್ನು, ಮದುವಣಗಿತ್ತಿಯ ಸಿಂಗಾರವನ್ನು ಬರೆದರು. ಬ್ರಹ್ಮಚಾರಿಗಳ ಚಿತ್ರ ನೋಡಿ. ಗಾಢ ಕಂದು ಮೈ, ಬಿಳಿ ಪಂಚೆ, ಹಿಂದೆ ಕೆಂಪು ಮಣ್ಣಿನ ಬಣ್ಣ. ತೋಳುಗಳಲ್ಲಿ ಸ್ನಾಯುವಿನ ವಿವರ ಇಲ್ಲ, ಉದ್ದನೆಯ ಒಂದೊಂದು ರೂಪ ಅಷ್ಟೇ. ಆದರೂ ಆ ಹುಡುಗರು ನಿಜವಾಗಿ ನೆಲದ ಮೇಲೆ ಕೂತಿದ್ದಾರೆ. ಆಗ ಅಮೃತಾ ಅವರಿಗೆ ಇಪ್ಪತ್ತನಾಲ್ಕು ವರ್ಷ. 1941ರಲ್ಲಿ, ಇಪ್ಪತ್ತೆಂಟರಲ್ಲೇ ತೀರಿಹೋದರು. ಅವರು ಇನ್ನೊಂದಿಷ್ಟು ವರ್ಷ ಬದುಕಿದ್ದರೆ ಏನೇನು ಬರೆಯುತ್ತಿದ್ದರೋ ಅಂತ ನನಗೆ ಇವತ್ತಿಗೂ ಸಂಕಟ ಆಗುತ್ತೆ.

ಇನ್ನೊಂದು ಚಿತ್ರ, ಫ್ರಾನ್ಸಿನ ಮಿಲೆ 1857ರಲ್ಲಿ ಬರೆದದ್ದು. ಮೂವರು ಹೆಂಗಸರು ಸುಗ್ಗಿ ಮುಗಿದ ಹೊಲದಲ್ಲಿ ಬಿದ್ದ ತೆನೆ ಆರಿಸುತ್ತಿದ್ದಾರೆ. ನಮ್ಮ ಭಾಷೆಯಲ್ಲಿ ಇದಕ್ಕೆ ಒಂದೇ ಮಾತು, ಹಕ್ಕಲು ಆಯುವುದು. ನಮ್ಮಜ್ಜಿ ಹಕ್ಕಲು ಆಯ್ದು ಮಕ್ಕಳನ್ನು ಸಾಕಿದವಳು, ಹಾಗಾಗಿ ಈ ಚಿತ್ರದ ಮುಂದೆ ನಾನು ಬರೀ ಚಿತ್ರಕಾರನಾಗಿ ನಿಲ್ಲಲು ಆಗುವುದಿಲ್ಲ. ಇಬ್ಬರು ಪೂರ್ತಿ ಬಗ್ಗಿದ್ದಾರೆ, ಮೂರನೆಯವಳು ಅರ್ಧ. ಮುಖಗಳು ನೆರಳಲ್ಲಿವೆ. ಹಿಂದೆ ದೂರದಲ್ಲಿ ದೊಡ್ಡ ದೊಡ್ಡ ಬಣವೆ, ತುಂಬಿದ ಬಂಡಿ, ಬೆಳಕು ಎಲ್ಲಾ ಅಲ್ಲಿ. ಮುಂದೆ ಈ ಮೂರು ಬೆನ್ನು.

ಆ ಬೆನ್ನುಗಳು ಯಾಕೆ ಅಷ್ಟು ಭಾರ ಅನ್ನಿಸುತ್ತವೆ? ದಿಗಂತದ ಗೆರೆ ನೋಡಿ. ಬಗ್ಗಿದ ಇಬ್ಬರ ಬೆನ್ನೂ ಅದರ ಕೆಳಗೇ ಇದೆ, ಆಕಾಶ ಮುಟ್ಟುವುದಿಲ್ಲ. ಇದನ್ನು ನಮ್ಮ ಬಯಲಿನಲ್ಲಿ ನೀವೇ ಪರೀಕ್ಷೆ ಮಾಡಬಹುದು. ವಿಜಯಪುರದ ಕಡೆ, ಡೋಣಿ ಹೊಳೆಯ ಸುತ್ತಿನ ಸಪಾಟು ಎರೆ ಹೊಲದಲ್ಲಿ ನಿಂತು ನೋಡಿ. ನಿಮ್ಮಷ್ಟೇ ಎತ್ತರದವರು ಹತ್ತು ಹೆಜ್ಜೆ ದೂರ ಇರಲಿ, ಇನ್ನೂರು ಹೆಜ್ಜೆ ದೂರ ಇರಲಿ, ನಿಂತಿದ್ದರೆ ಎಲ್ಲರ ಕಣ್ಣೂ ದಿಗಂತದ ಗೆರೆಯ ಮೇಲೇ ಬರುತ್ತೆ. ದೂರ ಹೋದ ಹಾಗೆ ಕಾಲು ಮೇಲೇರುತ್ತೆ, ಕಣ್ಣು ಅಲ್ಲೇ ಇರುತ್ತೆ. ಇದೊಂದು ಗೊತ್ತಿದ್ದರೆ ಗುಂಪಿನಲ್ಲಿ ಯಾರೂ ಗಾಳಿಯಲ್ಲಿ ತೇಲುವುದಿಲ್ಲ. ಯಾರು ಬಗ್ಗುತ್ತಾರೋ ಅವರು ಗೆರೆಯಿಂದ ಕೆಳಗೆ ಇಳಿದು ಮಣ್ಣಿನೊಳಗೆ ಸೇರುತ್ತಾರೆ. ನೀವು ನೆಲದ ಮೇಲೆ ಕೂತು ಬರೆದರೆ ಮಾತ್ರ ಲೆಕ್ಕ ಬೇರೆ. ಆಗ ನಿಂತವರ ಅರ್ಧ ಮೈ ಆಕಾಶಕ್ಕೆ ಹೋಗುತ್ತೆ, ಅವರು ವೀರಗಲ್ಲಿನವರ ಹಾಗೆ ಕಾಣುತ್ತಾರೆ. ಎಲ್ಲಿ ಕೂರಬೇಕು ಅನ್ನುವುದನ್ನು ಬಣ್ಣ ತೆಗೆಯುವ ಮೊದಲೇ ಯೋಚಿಸಿ.

ಸಣ್ಣ ಸಣ್ಣ ಮಾತು ಒಂದೆರಡು ಇವೆ. ತಲೆ ಚಿಕ್ಕದು ಮಾಡಿ, ನಿಮ್ಮ ಚಿತ್ರಗಳಲ್ಲಿ ಮುಕ್ಕಾಲು ಪಾಲು ತಲೆಗಳು ದೊಡ್ಡವು. ಪಾದ ಬರೆಯಬೇಡಿ, ಕಾಲನ್ನು ನೆಲದ ಬಣ್ಣದಲ್ಲಿ ಕರಗಿಸಿ, ಕೆಳಗೆ ನೆರಳಿನ ಒಂದು ಗಾಢ ಗೀರು ಎಳೆಯಿರಿ. ಆ ಗೀರೇ ಪಾದ. ಕಣ್ಣು ಕಿರಿದು ಮಾಡಿ ನೋಡಿ, ಬೆಳಕು, ನಡು, ಗಾಢ ಮೂರೇ ಹಂತದಲ್ಲಿ ಆಕೃತಿ ಓದಿಸಿಕೊಳ್ಳಬೇಕು. ಫೋನಿನಲ್ಲಿ ಫೋಟೋ ತೆಗೆದು ಬರೆಯುವವರಿಗೆ ಒಂದು ವಿನಂತಿ: ಮೊದಲು ಹತ್ತು ನಿಮಿಷ ಸುಮ್ನೆ ಕೂತು ಕೆಲಸ ನೋಡಿ. ಫೋಟೋ ಒಂದು ಕ್ಷಣ ಹಿಡಿಯುತ್ತೆ, ಎಷ್ಟೋ ಸಲ ತಪ್ಪು ಕ್ಷಣ. ಕೆಲಸಕ್ಕೆ ಒಂದು ಲಯ ಇರುತ್ತೆ, ಬಗ್ಗುವುದು, ಎಳೆಯುವುದು, ಮಣ್ಣು ಕೊಡವುವುದು, ಸಿವುಡು ಹಾಕುವುದು. ಯಾವ ಕ್ಷಣದಲ್ಲಿ ಭಾರ ಜಾಸ್ತಿ ಅಂತ ಆ ಲಯ ನೋಡಿದವರಿಗೇ ತಿಳಿಯುತ್ತೆ. ಕೂಲಿಗೆ ಬಂದವರನ್ನು ಬರೆಯುವ ಮೊದಲು ಮಾತಾಡಿಸಿ, ಕೇಳಿ. ಅವರ ಹೊತ್ತು ದುಡಿಮೆಯ ಹೊತ್ತು.

ಪ್ರಶ್ನೆಗಳಿದ್ದರೆ ಕೇಳಿ.

(ಒಬ್ಬ ಹುಡುಗಿ ಕೇಳಿದ್ದು: ಎಲ್ಲಾ ಕಂದು ಬಣ್ಣದಲ್ಲೇ ಬರೆದರೆ ಚಿತ್ರ ಮಂಕಾಗಲ್ವಾ ಸರ್?)

ಆಗುತ್ತೆ, ಎಲ್ಲಾ ಒಂದೇ ಕಂದು ಆದರೆ. ಕಂದಿನಲ್ಲಿ ಬಿಸಿ ಇದೆ, ತಂಪು ಇದೆ. ಬಿಸಿಲಿಗೆ ಓಕರ್, ನೆರಳಿಗೆ ಕಪ್ಪು ಬಿಳಿಯ ಬೂದು ಅಂತ ಇಟ್ಟುಕೊಳ್ಳಿ. ನಿಮ್ಮ ಚಿತ್ರದಲ್ಲಿ ನೆರಳಿಗೂ ಸಿಯೆನ್ನಾ ಹೋಗಿದೆ, ಅದಕ್ಕೇ ಉಸಿರು ಕಟ್ಟಿದ ಹಾಗಿದೆ. ನೆರಳನ್ನಷ್ಟೇ ನಾಳೆ ಮತ್ತೆ ಬರೆಯಿರಿ. ಉಳಿದದ್ದನ್ನು ಮುಟ್ಟಬೇಡಿ, ಅದು ಚೆನ್ನಾಗಿದೆ.

(ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. ಶಿಬಿರದವರಲ್ಲ. ಪಟಗಾ ಸುತ್ತಿಕೊಂಡಿದ್ದರು. ನಾವು ಎರಡನೇ ದಿನ ಬರೆಯಲು ಕೂತಿದ್ದು ಅವರ ಹೊಲದ ಬದುವಿನ ಮೇಲೆ. ನಾನು ಆವತ್ತು ಬರೆದ ಚಿತ್ರದ ಹತ್ತಿರ ಬಂದು ಬೆರಳು ತೋರಿಸಿದರು.)

“ಸರ, ಈ ಹೆಣ್ಮಗಳು ಕಡ್ಲಿ ಕೀಳಾಕತ್ತ್ಯಾಳೋ, ಜ್ವಾಳಾನೋ?”

ಕಡಲೆ ಯಜಮಾನರ, ಅಂದೆ.

“ಕಡ್ಲಿ ಆದ್ರ ಗಿಡ ಇಷ್ಟ ಇರತೈತಿ,” ಅಂತ ಮೊಣಕಾಲಿನ ಕೆಳಗೆ ಕೈ ಇಟ್ಟು ತೋರಿಸಿದರು. “ಇಕಿ ಜ್ವಾಳಕ್ಕ ಬಗ್ಗಿದಂಗ ಬಗ್ಗ್ಯಾಳ. ಕಡ್ಲಿಗೆ ಇನ್ನೂ ಬಗ್ಗಬೇಕಾಗತೈತಿ. ಒಮ್ಮೊಮ್ಮಿ ಕುಕ್ಕರಗಾಲಿಲೇ ಕುಂದರ್ತಾರ. ಮತ್ತ ಬಿಸಲು ಏರೂಕಿಂತ ಮೊದ್ಲ ಕೀಳ್ತೀವ್ರೀ. ತಂಪಿನ್ಯಾಗ ಗಿಡ ಮೆತ್ತಗ ಇರತೈತಿ. ಬಿಸಲು ಬಿದ್ರ ಎಲಿ, ಕಾಯಿ ಉದರತಾವ. ನೆಳ್ಳ ಇಷ್ಟ ಸಣ್ಣದು ಇರಂಗಿಲ್ಲ.”

ಅವರು ಹೇಳಿದ ಎರಡೂ ನಿಜ. ನಾನು ಹನ್ನೊಂದು ಗಂಟೆಯ ನೆರಳು ಹಾಕಿದ್ದೆ. ಎಣ್ಣೆ ಬಣ್ಣ ಇನ್ನೂ ಹಸಿ ಇತ್ತು. ಚಿತ್ರವನ್ನು ಬೋರ್ಡಿಗೆ ಏರಿಸಿ, ಚಾಕುವಿನಿಂದ ಆಕೆಯ ಬೆನ್ನನ್ನು ಪೂರ್ತಿ ಕೆರೆದು ತೆಗೆದೆ. ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ನೆಲದ ಬಣ್ಣದ ಗುಡ್ಡೆಯಿಂದಲೇ ಮತ್ತೆ ಬರೆದೆ, ಸೊಂಟ ಇಳಿಸಿ, ಕೈ ನೆಲಕ್ಕೆ ಮುಟ್ಟಿಸಿ. ನೆರಳನ್ನು ಬಲಕ್ಕೆ ಉದ್ದಕ್ಕೆ ಎಳೆದೆ. ಅವರು ತಲೆ ಓರೆ ಮಾಡಿ ನೋಡಿ, “ಇನ್ನ ಸ್ವಲ್ಪ,” ಅಂದರು. ಇನ್ನೂ ಸ್ವಲ್ಪ ಬಗ್ಗಿಸಿದೆ.